ಅತ್ತೆ ಇಳಿಸಿದ ಎಣ್ಣೆ

ನಮ್ಮ ಅತ್ತೆಗೆ ಎರಡೇ ವಿಷಯದಲ್ಲಿ ಜಂಭ. ಒಂದು, ಇಬ್ಬರು ಗಂಡುಮಕ್ಕಳನ್ನು ಹೆತ್ತದ್ದು. ಇನ್ನೊಂದು, ದೇವದಾರಿನ ಎಣ್ಣೆ ಇಳಿಸುವುದು. ಮಕ್ಕಳ ಮಾತು ಬಂದಾಗ ನಡುವೆ ಒಂದೆರಡು ಬೈಗುಳವೂ ಸೇರುತ್ತಿದ್ದವು. ಎಣ್ಣೆಯ ಬಗ್ಗೆ ಮಾತ್ರ ಅವರು ಕೆಟ್ಟ ಮಾತು ಆಡಿದವರಲ್ಲ, ಬೇರೆಯವರಿಗೆ ಆಡಲು ಬಿಟ್ಟವರೂ ಅಲ್ಲ.

ನನ್ನ ಗಂಡ ದ್ರಿಸ್ ಹತ್ತಿರದ ಅಜ್ರೂ ಪೇಟೆಯಲ್ಲಿ ಮರಗೆಲಸ ಮಾಡುತ್ತಾನೆ. ವಾರಕ್ಕೊಮ್ಮೆ ಅಲ್ಲಿಂದ ಒಂದು ಮೂಟೆ ದೇವದಾರಿನ ಪುಡಿ ತರುತ್ತಾನೆ. ಅತ್ತೆ ಅದನ್ನು ನೆನೆಸಿ, ತಾಮ್ರದ ಭಟ್ಟಿಗೆ ತುಂಬಿ, ಸಂದುಗಳಿಗೆಲ್ಲ ಹಿಟ್ಟಿನ ಕಣಕ ಮೆತ್ತಿ, ಸಣ್ಣ ಉರಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಾರೆ. ಆವಿ ತಣಿಯಲೆಂದು ಮೇಲಿನ ಮುಚ್ಚಳದಲ್ಲಿ ತುಂಬಿದ ನೀರು ಬಿಸಿಯಾದ ಹಾಗೆ ಬದಲಾಯಿಸುತ್ತಿರಬೇಕು, ಅದು ನನ್ನ ಕೆಲಸ. ಕೊಳವೆಯಿಂದ ಸೀಸೆಗೆ ಹನಿ ಬೀಳುತ್ತದೆ, ನಿಲ್ಲುತ್ತದೆ, ಮತ್ತೆ ಬೀಳುತ್ತದೆ. ಅದನ್ನು ನೋಡುತ್ತಾ ಕೂತರೆ ಹಗಲಲ್ಲೇ ಕನಸು ಬೀಳುತ್ತದೆ. ಸಂಜೆಗೆ ನೀರಿನ ಮೇಲೆ ಜೇನು ಬಣ್ಣದ ಪೊರೆಯೊಂದು ತೇಲುತ್ತಿರುತ್ತದೆ. ಇಡೀ ಮೂಟೆಗೆ ನಾಲ್ಕು ಚಮಚ ಎಣ್ಣೆ ಬಂದರೆ ಅತ್ತೆ ಅಂದು ನಗುತ್ತಾರೆ.

ಆ ನಾಲ್ಕು ಚಮಚ ಆಲಿವ್ ಎಣ್ಣೆಯಲ್ಲಿ ಬೆರೆತು ಮನೆಯನ್ನೆಲ್ಲ ಆಳುತ್ತದೆ. ಉಣ್ಣೆಯ ಕಂಬಳಿಗೆ ನುಸಿ ಹಿಡಿಯದ ಹಾಗೆ ಅದು, ಸೊಳ್ಳೆ ಕಚ್ಚದ ಹಾಗೆ ಅದು, ಮೊಡವೆಗೆ ಅದು, ತಲೆಯ ಹೊಟ್ಟಿಗೂ ಅದೇ. ಅತ್ತೆಯ ಹೆಸರು ಇತ್ತೊ, ಗೌರವಕ್ಕೆ ಎಲ್ಲರೂ ಲಲ್ಲಾ ಅನ್ನುತ್ತಾರೆ. ಮಂಗಳವಾರದ ಸಂತೆಯಲ್ಲಿ ಲಲ್ಲಾ ಇತ್ತೊ ಅವರ ಎಣ್ಣೆ ಅಂದರೆ ಹೆಂಗಸರು ಕಾದು ನಿಂತು ಕೊಳ್ಳುತ್ತಾರೆ.

ನನ್ನ ಮೈಗೆ ಮಾತ್ರ ಅದು ಆಗದು. ಮದುವೆಯಾಗಿ ಮೆಕ್ನೆಸ್ ಪಟ್ಟಣದಿಂದ ಬಂದ ಮೊದಲ ವಾರವೇ ಅತ್ತೆ ಪ್ರೀತಿಯಿಂದ ನನ್ನ ಕತ್ತಿಗೆ ಹಚ್ಚಿದರು, ಬೆಳಗಾಗುವಷ್ಟರಲ್ಲಿ ಕೆಂಪು ದದ್ದು.

"ಪೇಟೆ ಚರ್ಮ, ಸಾಬೂನಲ್ಲೇ ಬೆಳೆದದ್ದು. ನಿಜವಾದದ್ದು ತಾಗಿದ್ರೆ ಉರಿಯತ್ತೆ," ಅಂದರು ಅತ್ತೆ.

ಆರು ವರ್ಷವಾಯಿತು, ಮನೆಗೆ ಯಾರೇ ಬಂದರೂ ಈ ಮಾತು ಚಹಾದ ಜೊತೆ ಬರುತ್ತದೆ. ನಾನು ನಗುತ್ತೇನೆ. ನಗದೆ ಇನ್ನೇನು ಮಾಡಲಿ?

ಮೈದುನ ಮಿಮೂನನ ಹೆಂಡತಿ ತೂದಾ ಹಾಗಲ್ಲ. ಇಲ್ಲೇ ಕಾಡಂಚಿನ ಊರಿನ ಹುಡುಗಿ, ದೇವದಾರಿನ ನೆರಳಲ್ಲಿ ಬೆಳೆದವಳು. ಆಗಸ್ಟ್ ಕೊನೆಯಲ್ಲಿ ಅವಳಿಗೆ ಗಂಡುಮಗುವಾಯಿತು. ಮಿಮೂನನೂ ಮಾವನೂ ಮೇ ತಿಂಗಳಲ್ಲೇ ಕುರಿ ಹೊಡೆದುಕೊಂಡು ಮೇಲಿನ ಬಯಲಿಗೆ ಹೋಗಿದ್ದರು. ಅಲ್ಲಿ ಒಂದು ಮರವೂ ಇಲ್ಲ, ಫೋನೂ ಸಿಗುವುದಿಲ್ಲ. ಏಳನೆಯ ದಿನ ದ್ರಿಸ್‌ನೇ ಸಂತೆಯಿಂದ ಕುರಿ ತಂದು ಕೊಯ್ದ, ಮಗುವಿಗೆ ಯೂಬಾ ಅಂತ ಹೆಸರಿಟ್ಟೆವು.

ಬಾಣಂತಿಯ ಕೋಣೆಯ ಗೋಡೆಗೇ ಕುರಿದೊಡ್ಡಿ. ಕುರಿ ಇಲ್ಲದಿದ್ದರೂ ನೊಣ, ಸೊಳ್ಳೆ, ಚಿಗಟಕ್ಕೇನೂ ಕೊರತೆಯಿರಲಿಲ್ಲ. ತೂದಾಳ ಕತ್ತು, ಎದೆಯೆಲ್ಲ ಬೆವರುಸಾಲೆ ಎದ್ದು, ಅದರ ಮೇಲೆ ಸೊಳ್ಳೆ ಕಚ್ಚಿ ಗಂಧೆಗಳಾದವು. ಕೆನ್ನೆಯ ಮೇಲೆ ಬಸಿರಿನ ಕಪ್ಪು ಕಲೆ ಬೇರೆ. ಹೆಸರಿಟ್ಟ ಮಾರನೆಯ ದಿನದಿಂದ ಅತ್ತೆ ಸಂಜೆಯ ನಮಾಜು ಮುಗಿಸಿ ಸೀಸೆ ಹಿಡಿದು ಅವಳ ಕೋಣೆಗೆ ಹೋಗತೊಡಗಿದರು. ಮುಖಕ್ಕೆ, ಕತ್ತಿಗೆ, ಎದೆಗೆ ನಿಧಾನವಾಗಿ ಎಣ್ಣೆ ತಿಕ್ಕುತ್ತಿದ್ದರು.

"ಲಲ್ಲಾ, ಇದನ್ನ ಹಚ್ಚಿದ್ರೆ ನಾನು ಚಿಕ್ಕ ಮಗು ಆಗ್ಬಿಡ್ತೀನಿ. ಅಪ್ಪನ ಹೆಗಲ ಮೇಲೆ ಕೂತು ಕಾಡಲ್ಲಿ ಹೋಗ್ತಿರೋ ಹಾಗೆ," ಅನ್ನುತ್ತಿದ್ದಳು ತೂದಾ, ಕಣ್ಣು ಮುಚ್ಚಿಕೊಂಡೇ.

"ಮಾತಾಡ್ಬೇಡ ಮಗಳೇ. ಹಾಗೇ ನಿದ್ದೆ ಮಾಡು."

ನಾನು ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಕಿಟಕಿಯಿಂದ ಮಂಜು ಒಳಗೆ ಬರುತ್ತಿತ್ತು. ಎಣ್ಣೆ ಹಚ್ಚಿದ ಆ ಕತ್ತು ದೀಪದ ಹಾಗೆ ಹೊಳೆಯುತ್ತಿತ್ತು. ಅತ್ತೆ ನನ್ನನ್ನು ಒಮ್ಮೆಯೂ ಮಗಳೇ ಅಂದವರಲ್ಲ. ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಯವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಮಗು ಹತ್ತನೆಯ ದಿನದಿಂದ ಮೊಲೆ ಹಿಡಿಯಲಿಲ್ಲ. ಹಸಿದು ಬಾಯಿ ತೆರೆಯುತ್ತಿತ್ತು, ಎದೆಯ ಹತ್ತಿರ ತಂದೊಡನೆ ಮುಖ ತಿರುಗಿಸಿ, ಬೆನ್ನು ಬಿಲ್ಲು ಮಾಡಿ ಕಿರುಚುತ್ತಿತ್ತು. ಹಿಂಡಿ ಚಮಚದಲ್ಲಿ ಕೊಟ್ಟರೆ ಅರ್ಧ ಕುಡಿದು ಅರ್ಧ ಉಗುಳುತ್ತಿತ್ತು.

"ಹಾಲು ಕೆಟ್ಟಿದೆ," ಅಂದರು ಅತ್ತೆ ಊಟಕ್ಕೆ ಕೂತಾಗ. "ಸಿಟ್ಟಿನ ಹಾಲು ಅದು. ಗಂಡ ಬಂದಿಲ್ಲ ಅಂತ ಒಳಗೊಳಗೇ ಕುದೀತಿದಾಳೆ."

"ನಾನೆಲ್ಲಿ ಕುದ್ದೆ ಲಲ್ಲಾ?" ಅಂದಳು ತೂದಾ.

"ಕುದಿಯೋರಿಗೆ ಗೊತ್ತಾಗಲ್ಲ."

"ಅಮ್ಮಾ, ಅವಳು ಊಟ ಮಾಡ್ಲಿ ಬಿಡು," ಅಂದ ದ್ರಿಸ್.

"ನೀನು ಗಂಡಸು, ಹಾಲಿನ ವಿಷಯಕ್ಕೆ ಬಾಯಿ ಹಾಕ್ಬೇಡ. ರೊಟ್ಟಿ ತಿನ್ನು."

ಮೆಂತ್ಯ ಹಾಕಿ ಕೋಳಿ ಬೇಯಿಸಿದೆವು. ಹುರಿದ ಹಿಟ್ಟಿಗೆ ಬಾದಾಮಿ, ಎಳ್ಳು ಕಲಸಿ ಉಂಡೆ ಕಟ್ಟಿ ತಿನ್ನಿಸಿದೆವು. ಕಣ್ಣು ಬಿದ್ದಿದೆಯೇನೋ ಎಂದು ಕೆಂಡದ ಮೇಲೆ ಹರ್ಮಲ್ ಬೀಜ ಸುರಿದು ಹೊಗೆ ಹಾಕಿದೆವು. ತೂದಾಳ ಹಾಲು ಅಂಗಿ ನೆನೆಯುವಷ್ಟು ಬಂತು. ಮಗು ಮಾತ್ರ ಮುಖ ತಿರುಗಿಸಿತು.

ಆಸ್ಪತ್ರೆಗೂ ಹೋದೆವು, ನಾವು ಮೂವರು ಹೆಂಗಸರೂ. ನರ್ಸಮ್ಮ ಮಗುವನ್ನು ತೂಗಿ ಹುಬ್ಬು ಗಂಟಿಕ್ಕಿದಳು. ಬಾಯಿ ನೋಡಿದಳು, ಕಿವಿ ನೋಡಿದಳು.

"ಎದೆಗೆ, ಮೈಗೆ ಏನಾದ್ರೂ ಹಚ್ಕೋತೀಯಾ?"

"ಇಲ್ಲ, ಏನೂ ಇಲ್ಲ," ಅಂದಳು ತೂದಾ.

"ಏನೂ ಇಲ್ಲ," ಅಂದರು ಅತ್ತೆ.

ಅವರು ಸುಳ್ಳು ಹೇಳಲಿಲ್ಲ. ನಮ್ಮ ಮನೆಯಲ್ಲಿ ಆ ವಾಸನೆಯನ್ನು ಯಾರೂ ವಾಸನೆ ಅಂತ ಎಣಿಸುವುದಿಲ್ಲ. ದಿಂಬಿನಲ್ಲಿ ಅದೇ, ಕಂಬಳಿಯಲ್ಲಿ ಅದೇ, ಹೂಜಿಯ ನೀರಿನಲ್ಲೂ ಅದೇ. ಹಚ್ಚಿಕೊಳ್ಳುವುದು ಅಂದರೆ ಪೇಟೆಯ ಹೆಂಗಸರ ಕ್ರೀಮು, ಪೌಡರು. ಪಕ್ಕದಲ್ಲೇ ಕೂತಿದ್ದ ನನಗೂ ಅಂದು ಹೊಳೆಯಲಿಲ್ಲ. ಅದನ್ನು ಪ್ರಮಾಣ ಮಾಡಿ ಹೇಳಬಲ್ಲೆ.

"ಬರೋ ವಾರಕ್ಕೂ ತೂಕ ಏರದಿದ್ರೆ ಮೆಕ್ನೆಸ್ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು. ತಡ ಮಾಡಿದ್ರೆ ಮಗು ಉಳಿಯಲ್ಲ," ಅಂದಳು ನರ್ಸಮ್ಮ.

ಮನೆಗೆ ಬಂದಾಗ ಮಗುವಿಗೆ ಅಳುವ ಶಕ್ತಿಯೂ ಇರಲಿಲ್ಲ, ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಡುತ್ತಿತ್ತು. ನನ್ನ ಮಗಳು ಶಾಮಾಗೆ ಆಗ ಹದಿನಾಲ್ಕು ತಿಂಗಳು, ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಆ ಕುಂಯ್‌ಗುಟ್ಟುವಿಕೆಗೆ ನನ್ನ ಅಂಗಿಯ ಮುಂಭಾಗ ತಾನಾಗಿ ಒದ್ದೆಯಾಯಿತು.

"ಲಲ್ಲಾ, ನಾನು ಕುಡಿಸ್ಲಾ?"

ಅತ್ತೆ ಶಾಮಾಳನ್ನು ಮಡಿಲಿಗೆ ಎಳೆದುಕೊಂಡರು. "ಕುಡಿಸಿದ್ರೆ ಶಾಮಾ ಅವನಿಗೆ ಹಾಲಿನ ಅಕ್ಕ ಆಗ್ತಾಳೆ. ಆಮೇಲೆ ಇವರಿಬ್ರಿಗೂ ಮದುವೆ ಇಲ್ಲ."

ನಮ್ಮಲ್ಲಿ ಅಣ್ಣತಮ್ಮಂದಿರ ಮಕ್ಕಳು ಮದುವೆಯಾಗಬಹುದು, ಒಂದೇ ಎದೆಯ ಹಾಲು ಕುಡಿದವರು ಆಗುವಂತಿಲ್ಲ.

"ಶಾಮಾಗೆ ಇನ್ನೂ ನಾಲ್ಕೇ ಹಲ್ಲು, ಲಲ್ಲಾ!"

"ಹಲ್ಲಿಗೇನು, ಬರತ್ತೆ. ನಾನು ಮನಸ್ಸಲ್ಲಿ ಅಂದ್ಕೊಂಡಿದ್ದೆ." ಅತ್ತೆ ತೂದಾಳ ಕಡೆ ನೋಡಿದರು. "ನೀನೇನಂತೀಯ?"

ತೂದಾ ಗೋಡೆಯ ಕಡೆ ತಿರುಗಿದ್ದಳು. "ಕುಡಿಸ್ಲಿ," ಅಂದಳು. "ಬದುಕಿದ್ರೆ ತಾನೇ ಮದುವೆ."

ಮಗು ನನ್ನ ಎದೆಗೆ ಬಾಯಿ ಹಾಕಿದ್ದೇ ತಡ, ಗಟಗಟನೆ ಕುಡಿಯಿತು. ಆ ಸದ್ದು ಕೋಣೆಯನ್ನೆಲ್ಲ ತುಂಬಿತು. ತೂದಾ ಎದ್ದು ಹೊರಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತಳು.

ಅಲ್ಲಿಂದಾಚೆಯ ದಿನಗಳನ್ನು ನೆನೆದರೆ ಈಗಲೂ ಮೈ ಮಂಪರಾಗುತ್ತದೆ. ಸೆಪ್ಟೆಂಬರಿನ ಮಂಜು ಕಾಡಿನಿಂದ ಇಳಿದು ಅಂಗಳದಲ್ಲಿ ನಿಲ್ಲುತ್ತಿತ್ತು. ಮಧ್ಯಾಹ್ನ ನಾನು ಕುರಿಚರ್ಮದ ಮೇಲೆ ಒರಗಿದರೆ ಒಂದು ಕಡೆ ಶಾಮಾ, ಒಂದು ಕಡೆ ಯೂಬಾ. ಇಬ್ಬರ ಉಸಿರೂ ಒಂದೇ ಲಯಕ್ಕೆ ಬರುತ್ತಿತ್ತು, ಆಮೇಲೆ ನನ್ನದೂ. ಎಷ್ಟು ಹೊತ್ತು ಹಾಗೆ ಇರುತ್ತಿದ್ದೆವೋ ತಿಳಿಯದು. ಮಗುವಿನ ಕೆನ್ನೆ ತುಂಬಿತು, ಕೈಗೆ ಮಡಿಕೆ ಬಂತು. ನರ್ಸಮ್ಮ ತೂಗಿ ನಕ್ಕಳು, ದೊಡ್ಡಾಸ್ಪತ್ರೆಯ ಮಾತು ಬಿಟ್ಟಳು. ಕಣ್ಣು ತೆರೆದರೆ ಅತ್ತೆ ಎದುರಿಗೆ ಬಟ್ಟಲು ಹಿಡಿದು ನಿಂತಿರುತ್ತಿದ್ದರು.

"ತಿನ್ನು ಬತೂಲ್. ಚರ್ಮ ಪೇಟೆದಾದ್ರೂ ನಿನ್ನ ಹಾಲು ಬೆಟ್ಟದ್ದು ಕಣೇ."

ಆರು ವರ್ಷದಲ್ಲಿ ಕೇಳಿದ ಮೊದಲ ಹೊಗಳಿಕೆ. ಮಗು ನನ್ನ ಹಾಲು ಕುಡಿದ ಹಾಗೆ ಅದನ್ನು ನಾನು ಕುಡಿದೆ.

ಒಂದು ಶುಕ್ರವಾರ ತೂದಾ ಹೆರಿಗೆಯಾದ ಮೇಲೆ ಮೊದಲ ಸಲ ಊರ ಹಮಾಮಿನಲ್ಲಿ ಬಿಸಿನೀರಲ್ಲಿ ಮಿಂದು ಬಂದು, ಒದ್ದೆ ಕೂದಲು ಹರಡಿಕೊಂಡು, ದಿನದ ಅಭ್ಯಾಸದಂತೆ ಮಗುವನ್ನು ಎದೆಗೆ ಹಿಡಿದಳು. ದಿನವೂ ಹಿಡಿಯುತ್ತಿದ್ದಳು, ದಿನವೂ ಸೋಲುತ್ತಿದ್ದಳು. ಅಂದು ಯೂಬಾ ಬಾಯಿ ಹಾಕಿದ, ಬಿಡಲಿಲ್ಲ. ನಾನು ಕುಸ್ಕುಸ್ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ.

"ಅಕ್ಕಾ, ನೋಡು! ಕುಡೀತಿದಾನೆ ನೋಡು!" ಅಳುತ್ತಾ ನಗುತ್ತಿದ್ದಳು.

"ಹೂಂ," ಅಂದೆ. ತಟ್ಟೆ ಬಿಸಿಯಿತ್ತು, ಬೆರಳು ಸುಡುತ್ತಿದ್ದರೂ ಹಾಗೇ ನಿಂತಿದ್ದೆ.

ಆ ಸಂಜೆ ಅತ್ತೆ ಸಂತೋಷಕ್ಕೆ ಎರಡು ಚಮಚ ಎಣ್ಣೆ ಹೆಚ್ಚೇ ತಿಕ್ಕಿದರು. ಶನಿವಾರ ಬೆಳಿಗ್ಗೆ ಮಗು ಮತ್ತೆ ಮುಖ ತಿರುಗಿಸಿತು. ಮುಂದಿನ ಶುಕ್ರವಾರವೂ ಹಾಗೆಯೇ: ಮಿಂದು ಬಂದಾಗ ಕುಡಿದ, ಎಣ್ಣೆ ಹಚ್ಚಿದ ಮೇಲೆ ಬಿಟ್ಟ. ನಾನು ದಡ್ಡಿಯಲ್ಲ. ಆ ಎಣ್ಣೆಯ ವಾಸನೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿಯುವುದು ಅದನ್ನು ಕಂಡರೆ ಆಗದ ನನಗೇ. ಎರಡನೆಯ ಶನಿವಾರದ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ನನಗೆ ಎಲ್ಲವೂ ಅರ್ಥವಾಯಿತು.

ಹೇಳಬೇಕಿತ್ತು. ಹೇಳಲಿಲ್ಲ. ಇವತ್ತು ಸಂಜೆ ಹೇಳುತ್ತೇನೆ ಅಂದುಕೊಂಡೆ, ನಾಳೆ ಅಂದುಕೊಂಡೆ. ಅಷ್ಟರಲ್ಲಿ ಮಗು ಅಳುತ್ತಿತ್ತು, ಅತ್ತೆ "ಬತೂಲ್, ಬಾರೇ" ಅನ್ನುತ್ತಿದ್ದರು, ನಾನು ಕೈ ಒರೆಸಿಕೊಂಡು ಓಡುತ್ತಿದ್ದೆ.

ಅತ್ತೆಯೂ ಶುಕ್ರವಾರಗಳನ್ನು ಗಮನಿಸಿದ್ದರು. ಅವರು ಲೆಕ್ಕ ಹಾಕಿದ್ದು ಬೇರೆ ರೀತಿ.

"ಶುಕ್ರವಾರ ಕುಡಿಸ್ತಾಳೆ, ಶನಿವಾರ ಕೈ ಬಿಡ್ತಾಳೆ," ಅಂದರು ಬೇಳೆಸಾರಿಗೆ ರೊಟ್ಟಿ ಅದ್ದುತ್ತಾ. "ಹಬ್ಬಕ್ಕೊಂದ್ಸಲ ತಾಯಿ ಆಗ್ತಾಳೆ. ಬೇಕು ಅಂದ್ರೆ ಆಗತ್ತೆ, ಬೇಡ ಇವಳಿಗೆ."

"ಬೇಡ ಅಂತ ಯಾವ ತಾಯಿ ಅಂತಾಳೆ, ಲಲ್ಲಾ?" ತೂದಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ಅದೇ ನಾನೂ ಕೇಳೋದು. ಮಿಮೂನ್ ಬರ್ಲಿ. ನೀನು ತವರಿಗೆ ಹೋಗಿ ಚಳಿಗಾಲ ಕಳೆದು ಸುಧಾರಿಸ್ಕೊಂಡು ಬಾ. ಮಗು ಇಲ್ಲಿರ್ಲಿ. ಬತೂಲ್ ಇದಾಳೆ."

"ಮಗು ಬಿಟ್ಟು ನಾನು ಹೋಗಲ್ಲ."

"ಮಗುನೇ ನಿನ್ನ ಬಿಟ್ಟಿದೆಯಲ್ಲೇ!"

ಯಾರೂ ಉಣ್ಣಲಿಲ್ಲ. ದ್ರಿಸ್ ನನ್ನ ಕಡೆ ನೋಡಿದ. "ನೀನಾದ್ರೂ ಏನಾದ್ರೂ ಹೇಳು."

ನಾನು ಸಾರಿನ ಬಟ್ಟಲನ್ನೇ ನೋಡುತ್ತಿದ್ದೆ. "ಲಲ್ಲಾ ಹೇಳಿದ ಹಾಗೆ ಆಗ್ಲಿ," ಅಂದೆ.

ನನ್ನ ಬಾಯಿಂದ ಅದಕ್ಕಿಂತ ಹೊಲಸು ಮಾತು ಎಂದೂ ಬಂದಿಲ್ಲ.

ಅಕ್ಟೋಬರ್ ನಡುವೆ ಒಂದು ಸಂಜೆ ಕುರಿಗಳು ಇಳಿದು ಬಂದವು. ಮೊದಲು ಗಂಟೆಯ ಸದ್ದು, ಆಮೇಲೆ ಧೂಳು, ಅದರೊಳಗಿಂದ ಮಾವ ಮತ್ತು ಮಿಮೂನ್. ಮಿಮೂನ್ ಮಗುವನ್ನು ಎತ್ತಿಕೊಳ್ಳಲು ಹೆದರಿ, ಒಂದು ಬೆರಳಿನಿಂದ ಹಣೆ ಮುಟ್ಟಿದ. ದಣಿದು ಬಂದವರಿಗೆ ಆ ಸಂಜೆ ಯಾರೂ ಏನೂ ಹೇಳಲಿಲ್ಲ. ಬೆಳಿಗ್ಗೆ ತಿಂಡಿ ಆದ ಮೇಲೆ ಎಲ್ಲ ಮಾತಾಡುತ್ತೇನೆ ಎಂದು ಅತ್ತೆ ನನಗೆ ಪಿಸುಗುಟ್ಟಿದರು. ತೂದಾ ತನ್ನ ಬಟ್ಟೆ ಗಂಟು ಕಟ್ಟಿರಲಿಲ್ಲ. ಅತ್ತೆಯೇ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದರು.

ಬೆಳಗ್ಗೆ ಒಂದು ಕುರಿ ಈದಿತು. ಮಾವ ದೊಡ್ಡಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ನಾವೆಲ್ಲ ಹೋದೆವು, ವರ್ಷದ ಮೊದಲ ಮರಿ ಅಲ್ಲವೇ. ಮರಿ ಹುಲ್ಲಿನ ಮೇಲೆ ಒದ್ದೆಯಾಗಿ ಬಿದ್ದು, ಏಳಲು ಹೋಗಿ ಮುಗ್ಗರಿಸಿತು. ತೂದಾ ನಿದ್ದೆಗಣ್ಣಲ್ಲಿ ನಡೆದವಳ ಹಾಗೆ ಮುಂದೆ ಹೋಗಿ, ಅದನ್ನು ಎತ್ತಿ ತಾಯಿಯ ಹತ್ತಿರ ಬಿಡಲು ಬಾಗಿದಳು.

"ಏಯ್, ಮುಟ್ಬೇಡ!" ಮಾವ ಗದರಿದರು. "ದೂರ ಹೋಗು, ದೂರ!"

ತೂದಾ ಹೌಹಾರಿ ಹಿಂದೆ ಸರಿದಳು.

"ಮೈಯೆಲ್ಲ ದೇವದಾರು ಬಳ್ಕೊಂಡು ಬಂದಿದೀಯಲ್ಲ! ಆ ವಾಸನೆ ಮರಿಗೆ ಹತ್ತಿದ್ರೆ ತಾಯಿ ಒದೀತದೆ, ತನ್ನದಲ್ಲ ಅಂತ. ಕೆಚ್ಚಲಿಗೆ ಹತ್ತಿದ್ರೆ ಮರಿ ಬಾಯೇ ಇಡಲ್ಲ, ಹಸಿದು ಸತ್ರೂ ಇಡಲ್ಲ. ನಲವತ್ತು ವರ್ಷದಿಂದ ಕುರಿ ಸಾಕೋ ಮನೇಲಿ ಇಷ್ಟೂ ಗೊತ್ತಿಲ್ವಾ? ನಿನ್ನೆ ಹೊಸ್ತಿಲು ದಾಟಿದಾಗಿಂದ ನನ್ನ ತಲೆ ಸಿಡೀತಿದೆ. ಮನೆಯೋ, ಮರದ ಅಡ್ಡೆಯೋ ಇದು?"

ಗೊಣಗುತ್ತಾ ಅವರು ಕುರಿಯ ಕಡೆ ತಿರುಗಿದರು. ಅವರು ಹೇಳಿದ್ದು ಕುರಿಯ ವಿಷಯ ಅಷ್ಟೇ. ಮಗುವಿನ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ.

ತೂದಾ ತನ್ನ ಅಂಗಿಯ ಕತ್ತು ಎಳೆದು ಮೂಸಿದಳು. ಅತ್ತೆ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ಎರಡೂ ಅಂಗೈಗಳನ್ನು ಮುಖಕ್ಕೆ ಹಿಡಿದರು. ಕೈ ತೆಗೆದಾಗ ಅವರ ಮುಖ ಒಂದೇ ಸಲಕ್ಕೆ ಮುದಿಯಾಗಿತ್ತು.

"ಬತೂಲ್, ಸಾಬೂನು ತೊಗೊ. ಗಸೂಲ್ ಮಣ್ಣೂ ತೊಗೊ, ಇರೋದೆಲ್ಲ ತೊಗೊ. ಹಮಾಮಿಗೆ ಹೋಗೋಣ."

ಹಮಾಮಿನ ಒಳಕೋಣೆಯಲ್ಲಿ ಹಬೆ ದಟ್ಟವಾಗಿತ್ತು. ಅತ್ತೆ ತೂದಾಳನ್ನು ಬಿಸಿ ಕಲ್ಲಿನ ಮೇಲೆ ಕೂರಿಸಿ ಕರಿ ಸಾಬೂನು ಹಚ್ಚಿ ತಿಕ್ಕಿದರು, ತೊಳೆದರು. ಎಣ್ಣೆ ಹೀರುವ ಗಸೂಲ್ ಮಣ್ಣು ಕಲಸಿ ಮೆತ್ತಿದರು, ತೊಳೆದರು. ಮತ್ತೆ ಮೆತ್ತಿದರು. ಹಬೆಯಲ್ಲಿ ಇಬ್ಬರೂ ಕರಗಿ ಒಂದಾಗಿ ಕಾಣುತ್ತಿದ್ದರು. ನಾನು ನೀರು ಮೊಗೆದು ಕೊಡುತ್ತಿದ್ದೆ.

"ಉರೀತಿದೆ ಲಲ್ಲಾ."

"ಉರೀಲಿ. ಇನ್ನೊಂದ್ಸಲ."

ಮೂರನೆಯ ಸಲ ತೊಳೆದ ಮೇಲೆ ಅತ್ತೆ ಅವಳ ಕತ್ತನ್ನು ಮೂಸಿ, ಅಲ್ಲೇ ಹಣೆ ಇಟ್ಟುಬಿಟ್ಟರು. "ಈ ಕೈಯಿಂದ್ಲೇ ಆಯ್ತು. ಬಾಯಿಂದ್ಲೂ ಆಯ್ತು. ಹಾಲು ಕೆಟ್ಟಿದೆ ಅಂದೆ, ಮಗು ಬಿಟ್ಟು ಹೋಗು ಅಂದೆ. ಕ್ಷಮಿಸು ಮಗಳೇ, ಈ ಮುದುಕಿನ ಕ್ಷಮಿಸು."

ತೂದಾ ಮಾತಾಡದೆ ಅತ್ತೆಯ ಮಂಡಿಯ ಮೇಲೆ ತಲೆಯಿಟ್ಟಳು. ಅತ್ತೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ನೀನು ಮುಖ ಸಣ್ಣ ಮಾಡ್ಕೋಬೇಡ ಬತೂಲ್. ಹುಟ್ಟಿದಾಗಿಂದ ಕುರಿ ನೋಡಿದ ನನಗೇ ಹೊಳೀಲಿಲ್ಲ, ಪೇಟೆಯವಳು ನಿನಗೆ ಹೇಗೆ ಗೊತ್ತಾಗ್ಬೇಕು? ನೀನಿಲ್ದಿದ್ರೆ ಆ ಮಗು ಇವತ್ತು ಇರ್ತಿರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತನ್ನು ತಡೆಯಲಾಗಲಿಲ್ಲ.

"ಗೊತ್ತಿತ್ತು," ಅಂದೆ. "ಎರಡನೇ ಶುಕ್ರವಾರ ಆದ ಮೇಲೆ ಗೊತ್ತಾಯ್ತು. ಹೇಳ್ಲಿಲ್ಲ."

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ತೂದಾ ತಲೆ ಎತ್ತಿದಳು. ಅವಳ ಮುಖ ಹಬೆಯಲ್ಲಿ ಸರಿಯಾಗಿ ಕಾಣಲಿಲ್ಲ, ಅದೇ ನನ್ನ ಪುಣ್ಯ.

"ಅವತ್ತು ಕುಸ್ಕುಸ್ ತಟ್ಟೆ ಹಿಡ್ಕೊಂಡು ನಿಂತಿದ್ದೆಯಲ್ಲ ಅಕ್ಕಾ, ನಾನು ನೋಡು ನೋಡು ಅಂತಿದ್ದೆ. ಆಗ ನಿನ್ನ ಮುಖ ನೋಡ್ದೆ. ಇಷ್ಟು ಒಳ್ಳೆಯವಳ ಮುಖದಲ್ಲಿ ಹಾಗೆ ಕಾಣ್ತಿದೆಯಲ್ಲ, ನನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡೆ."

ನಾನು ನೀರು ಮೊಗೆಯುತ್ತಿದ್ದ ತಂಬಿಗೆ ಕೆಳಗಿಟ್ಟೆ.

"ನಾನು ಹೇಳೋವರೆಗೂ ಅವನನ್ನ ಮುಟ್ಬೇಡ," ಅಂದಳು.

ಮಗು ಒಂದೇ ದಿನಕ್ಕೆ ತಾಯಿಗೆ ಒಗ್ಗಲಿಲ್ಲ, ಒಗ್ಗುವವರೆಗೆ ತೂದಾ ಹಾಲು ಹಿಂಡಿ ಚಮಚದಲ್ಲಿ ಕೊಟ್ಟಳು. ಅತ್ತೆ ಭಟ್ಟಿಯನ್ನು ದೊಡ್ಡಿಯಾಚೆಗೆ ಸಾಗಿಸಿ, ಕಂಬಳಿ ದಿಂಬುಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕಿದರು. ಮಿಮೂನ್ ದಿನಾ ಬೆಳಗ್ಗೆ ನೀರು ಕಾಯಿಸಿ ಕೊಡುತ್ತಿದ್ದ. ನಾನು ಪಕ್ಕದ ಕೋಣೆಯಲ್ಲಿರುತ್ತಿದ್ದೆ. ಗೋಡೆಯಾಚೆ ಯೂಬಾ ಅತ್ತರೆ ನನ್ನ ಎದೆ ತಾನಾಗಿ ತುಂಬಿ ಹರಿಯುತ್ತಿತ್ತು. ದ್ರಿಸ್‌ನ ಹಳೆಯ ಪೇಟದ ಬಟ್ಟೆ ಬಿಗಿದು ಕಟ್ಟಿಕೊಂಡೆ, ಅದೂ ನೆನೆಯಿತು. ಶಾಮಾ ಒಬ್ಬಳೇ ಎಷ್ಟು ಕುಡಿದಾಳು? ಅಳು ನಿಧಾನಕ್ಕೆ ಕಡಿಮೆಯಾಗುತ್ತಾ ಬಂತು. ಮೌನ ಆವರಿಸಿದಾಗ ಅವನು ತಾಯಿಯ ಎದೆಯಲ್ಲಿದ್ದಾನೆ ಎಂದು ತಿಳಿಯುತ್ತಿತ್ತು. ಸಂತೋಷವಾಗುತ್ತಿತ್ತು. ಸಂತೋಷದ ಜೊತೆಗೇ ಅಳುವೂ ಬರುತ್ತಿತ್ತು, ಎರಡರಲ್ಲಿ ಯಾವುದು ದೊಡ್ಡದು ಎಂದು ನಾನು ಕೇಳಿಕೊಳ್ಳಲು ಹೋಗಲಿಲ್ಲ. ಅತ್ತೆ ಊಟದ ಬಟ್ಟಲನ್ನು ನನ್ನ ಮುಂದೆ ಇಡುತ್ತಿದ್ದರು, ಮಾತಾಡುತ್ತಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ತೂದಾ ನನ್ನ ಬಾಗಿಲಿಗೆ ಬಂದಳು. ತೋಳಿನಲ್ಲಿ ಯೂಬಾ, ಸೊಂಟದ ಮೇಲೆ ಬಟ್ಟೆಯ ಬುಟ್ಟಿ. ಅವಳ ಮೈಯಿಂದ ಹಾಲಿನ ಹುಳಿ ವಾಸನೆ ಮಾತ್ರ ಬರುತ್ತಿತ್ತು.

"ಹಿಡ್ಕೊ. ನನಗೆ ಬಟ್ಟೆ ಒಗಿಯೋದಿದೆ," ಅಂದಳು. ನನ್ನ ಮುಖ ನೋಡಲಿಲ್ಲ. "ಹೊಟ್ಟೆ ತುಂಬಿದೆ ಅವನಿಗೆ. ಕುಡಿಸ್ಬೇಡ."

"ಇಲ್ಲ," ಅಂದೆ.

ಎತ್ತಿಕೊಂಡ ತಕ್ಷಣ ಅವನಿಗೆ ನನ್ನ ಗುರುತು ಸಿಕ್ಕಿತು. ಮೂಗಿನಿಂದ ಅಂಗಿ ತಡಕಿ, ಬಾಯಿ ತೆರೆದು, ನನ್ನ ಎದೆಯ ಮೇಲೆ ಹುಡುಕಾಡಿದ. ಕಟ್ಟಿದ ಬಟ್ಟೆಯ ಅಡಿಯಲ್ಲಿ ಹಾಲು ಬಿಸಿಯಾಗಿ ಇಳಿಯಿತು. ಹೊರಗೆ ಕಲ್ಲಿನ ಮೇಲೆ ತೂದಾ ಬಟ್ಟೆ ಬಡಿಯತೊಡಗಿದ್ದಳು. ನಾನು ಅವನನ್ನು ಮೆಲ್ಲಗೆ ತಿರುಗಿಸಿ, ಅಂಗಳ ಕಾಣುವ ಹಾಗೆ ಹೆಗಲಿಗೆ ಹಾಕಿಕೊಂಡೆ.

"ಅಮ್ಮ ಅಲ್ಲಿದಾಳೆ, ನೋಡು," ಅಂದೆ.

ಅವನು ಕತ್ತು ಎತ್ತಿ ಅತ್ತ ನೋಡಿದ.